ಉದ್ದಿನ ಕಡುಬು: ಹಿಟ್ಟು ಉಕ್ಕರಿಸುವುದರಿಂದ ಹಬೆ ಆರುವವರೆಗೆ

ನಮ್ಮ ಮನೆಯಲ್ಲಿ ಗಣೇಶನ ಹಬ್ಬಕ್ಕೆ ಎರಡು ಥರದ ಕಡುಬು ಆಗಲೇಬೇಕು. ಕಾಯಿ-ಬೆಲ್ಲದ್ದು ಒಂದು, ಉದ್ದಿನಬೇಳೆಯದ್ದು ಒಂದು. ಸಿಹಿ ಕಡುಬಿಗೆ ಮಕ್ಕಳು ಕಾಯುತ್ತಾರೆ, ನಿಜ. ಆದರೆ ಮೊದಲು ಖಾಲಿ ಆಗುವುದು ಉದ್ದಿನ ಕಡುಬಿನ ಪಾತ್ರೆ. ಸಿಹಿ ಎರಡು ತಿಂದರೆ ಸಾಕು ಅನಿಸುತ್ತದೆ. ಖಾರದ್ದು ಬಿಸಿಬಿಸಿ ಇದ್ದಾಗ ಆರೇಳು ಒಳಗೆ ಹೋದದ್ದೇ ಗೊತ್ತಾಗುವುದಿಲ್ಲ.

ಇಷ್ಟು ಚೆನ್ನಾಗಿರುವ ತಿಂಡಿಯನ್ನು ಹಬ್ಬ ಬಿಟ್ಟರೆ ಬೇರೆ ದಿನ ಮಾಡುವವರು ಕಡಿಮೆ. ಯಾಕೆ ಅಂತ ಕೇಳಿ ನೋಡಿ. "ಒಡೆದು ಹೋಗುತ್ತೆ, ನನಗೆ ಕೈ ಬರಲ್ಲ" ಅನ್ನುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಮದುವೆಯಾದ ಮೊದಲ ವರ್ಷ ನೈವೇದ್ಯಕ್ಕೆ ಅಂತ 21 ಕಡುಬು ಮಾಡಿ ಇಡ್ಲಿ ಪಾತ್ರೆಯಲ್ಲಿಟ್ಟೆ. ಮುಚ್ಚಳ ತೆಗೆದಾಗ ಅರ್ಧಕ್ಕರ್ಧ ಬಾಯಿ ಬಿಟ್ಟುಕೊಂಡಿದ್ದವು. ಒಳಗಿನ ಹೂರಣ ತಟ್ಟೆ ತುಂಬಾ ಚೆಲ್ಲಿತ್ತು. ಪೂಜೆಯ ಹೊತ್ತಾಗಿತ್ತು, ಕಣ್ಣಲ್ಲಿ ನೀರು ಬಂದಿತ್ತು. ಅಜ್ಜಿ ಬಂದು ನೋಡಿ, ಮಿಕ್ಕ ಹಿಟ್ಟನ್ನು ಬೆರಳಲ್ಲಿ ಒತ್ತಿ, "ಇದು ಮಡಿಸಿದ್ದರ ತಪ್ಪಲ್ಲ ಕಣೇ, ಹಿಟ್ಟು ಬೆಂದೇ ಇಲ್ಲ" ಅಂದರು. ಅವರ ಮಾತು ಸರಿಯಾಗಿತ್ತು. ಕಡುಬು ಒಡೆಯುತ್ತದೋ ಇಲ್ಲವೋ ಅನ್ನುವುದು ಮಡಿಸುವಾಗ ಅಲ್ಲ, ಹಿಟ್ಟು ಉಕ್ಕರಿಸುವ, ಅಂದರೆ ಕುದಿಯುವ ನೀರಿಗೆ ಹಾಕಿ ಬೇಯಿಸುವ, ಐದು ನಿಮಿಷದಲ್ಲೇ ತೀರ್ಮಾನ ಆಗಿಬಿಡುತ್ತದೆ. ಆ ಐದು ನಿಮಿಷವನ್ನು ಸರಿಯಾಗಿ ಹೇಳಿಕೊಡಬೇಕು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಯಾವ ಕಡುಬು ಅಂತ ಮೊದಲೇ ಹೇಳಿಬಿಡುತ್ತೇನೆ

ಕಡುಬು ಅಂದರೆ ಊರಿಗೊಂದು ಅರ್ಥ ಇದೆ. ಕರಾವಳಿಯವರಿಗೆ ಉದ್ದಿನ ಕಡುಬು ಅಂದರೆ ಹಲಸಿನ ಎಲೆಯ ಕೊಟ್ಟೆಯಲ್ಲಿ ಉದ್ದು-ಅಕ್ಕಿಯ ಹಿಟ್ಟು ಹುಯ್ದು ಬೇಯಿಸುವ ಕೊಟ್ಟೆ ಕಡುಬು ನೆನಪಾಗುತ್ತದೆ. ಮಲೆನಾಡಿನಲ್ಲಿ ಅಕ್ಕಿ ತರಿಯ ಉಂಡೆ ಕಡುಬು, ಕೊಡಗಿನಲ್ಲಿ ಕಡಂಬುಟ್ಟು. ಅವುಗಳಲ್ಲಿ ಹೂರಣವೇ ಇರುವುದಿಲ್ಲ. ಉತ್ತರ ಕರ್ನಾಟಕದಲ್ಲಿ ಕಡುಬಿಗೆ ಗೋಧಿ ಹಿಟ್ಟಿನ ಕಣಕ, ಬೇಳೆ-ಬೆಲ್ಲದ ಹೂರಣ. ನಾನಿಲ್ಲಿ ಹೇಳುವುದು ಮೈಸೂರು-ಬೆಂಗಳೂರು ಕಡೆಯದ್ದು. ಹೊರಗೆ ಅಕ್ಕಿ ಹಿಟ್ಟಿನ ತೆಳು ಹೊದಿಕೆ, ಒಳಗೆ ಉದ್ದಿನಬೇಳೆಯ ಖಾರದ ಹೂರಣ, ಅರ್ಧ ಚಂದ್ರನ ಆಕಾರ, ಹಬೆಯಲ್ಲಿ ಬೇಯಿಸಿದ್ದು. ತಮಿಳರು ಇದನ್ನೇ ಉಪ್ಪು ಕೊಳುಕಟ್ಟೈ ಅನ್ನುತ್ತಾರೆ.

ಗಣೇಶನ ಹಬ್ಬಕ್ಕೆ ಮಾತ್ರ ಅಲ್ಲ, ನಾಗರ ಪಂಚಮಿಗೂ ಇದು ನಮ್ಮ ಮನೆಯಲ್ಲಿ ಆಗುತ್ತದೆ. ಅವತ್ತು ಕರಿಯುವ ಹಾಗಿಲ್ಲ, ಹೆಂಚು ಇಡುವ ಹಾಗಿಲ್ಲ. ಹಬೆಯಲ್ಲಿ ಬೆಂದದ್ದೇ ಅಡುಗೆ. ಆ ದಿನ ಹೂರಣಕ್ಕೆ ಒಗ್ಗರಣೆಯನ್ನೂ ಹಾಕುವುದಿಲ್ಲ, ಸುಮ್ನೆ ಕಾಯಿತುರಿ ಬೆರೆಸುತ್ತೇವೆ.

ಬೇಕಾಗುವ ಸಾಮಾನು

ಅಳತೆಗೆ ಮನೆಯ ಯಾವುದಾದರೂ ಒಂದೇ ಲೋಟ ಇಟ್ಟುಕೊಳ್ಳಿ. ನನ್ನದು 200 ಮಿಲಿಲೀಟರ್ ಹಿಡಿಯುವ ಸ್ಟೀಲ್ ಲೋಟ. ಈ ಅಳತೆಯಲ್ಲಿ 28ರಿಂದ 30 ಕಡುಬು ಆಗುತ್ತವೆ. ನಾಲ್ಕೈದು ಜನಕ್ಕೆ ಬೆಳಗಿನ ತಿಂಡಿಗೆ ಸಾಕು.

ಕಣಕಕ್ಕೆ: ಅಕ್ಕಿ ಹಿಟ್ಟು 2 ಲೋಟ, ನೀರು ಎರಡೂವರೆ ಲೋಟ, ಉಪ್ಪು 1 ಚಮಚ, ಎಳ್ಳೆಣ್ಣೆ ಅಥವಾ ಕೊಬ್ಬರಿ ಎಣ್ಣೆ 2 ಚಮಚ.

ಹೂರಣಕ್ಕೆ: ಉದ್ದಿನಬೇಳೆ ಮುಕ್ಕಾಲು ಲೋಟ, ಕಡಲೆಬೇಳೆ ಕಾಲು ಲೋಟ, ಹಸಿಮೆಣಸಿನಕಾಯಿ 5 ಅಥವಾ 6, ಶುಂಠಿ ಒಂದು ಇಂಚು, ಕಾಯಿತುರಿ ಅರ್ಧ ಲೋಟ, ಉಪ್ಪು, ಇಂಗು, ಕರಿಬೇವು, ಕೊತ್ತಂಬರಿ ಸೊಪ್ಪು, ಅರ್ಧ ನಿಂಬೆಹಣ್ಣು. ಒಗ್ಗರಣೆಗೆ 3 ಚಮಚ ಎಣ್ಣೆ, ಸಾಸಿವೆ.

ಬರೀ ಉದ್ದಿನಬೇಳೆಯಲ್ಲೂ ಮಾಡಬಹುದು, ಹಿಂದೆ ಹಾಗೇ ಮಾಡುತ್ತಿದ್ದರು. ಆದರೆ ಸ್ವಲ್ಪ ಕಡಲೆಬೇಳೆ ಸೇರಿಸಿದರೆ ಹೂರಣ ಚೆನ್ನಾಗಿ ಉದುರುತ್ತದೆ, ಹೊಸಬರಿಗೆ ಸುಲಭ.

ಹಿಟ್ಟಿನ ಬಗ್ಗೆ ಎರಡು ಮಾತು. ಅಂಗಡಿ ಹಿಟ್ಟು ತರುವುದಾದರೆ ಮುಟ್ಟಿ ನೋಡಿ. ಟಾಲ್ಕಂ ಪೌಡರಿನ ಹಾಗೆ ನುಣ್ಣಗಿರಬೇಕು. ಬೆರಳಿಗೆ ತರಿ ಸಿಕ್ಕರೆ ಅದು ರೊಟ್ಟಿಗೆ ಸರಿ, ಕಡುಬಿಗೆ ಅಲ್ಲ. ಮನೆಯಲ್ಲೇ ಮಾಡಿಕೊಂಡರೆ ರುಚಿಯೇ ಬೇರೆ. ಸೋನಾ ಮಸೂರಿ ಅಕ್ಕಿಯನ್ನು ಎರಡು ಗಂಟೆ ನೆನೆಸಿ, ನೀರು ಬಸಿದು, ಬಟ್ಟೆಯ ಮೇಲೆ ನೆರಳಲ್ಲಿ ಹರಡಿ. ಅರ್ಧ ಗಂಟೆ ಬಿಟ್ಟು ಒಂದು ಹಿಡಿ ತೆಗೆದು ಒತ್ತಿ. ಕೈಗೆ ತಂಪು ಹತ್ತಬೇಕು, ಅಕ್ಕಿ ಅಂಗೈಗೆ ಮೆತ್ತಿಕೊಳ್ಳಬಾರದು. ಆಗ ಮಿಕ್ಸಿಯಲ್ಲಿ ಪುಡಿ ಮಾಡಿ ಎರಡು ಸಲ ಜರಡಿ ಹಿಡಿಯಿರಿ. ಈ ಹಿಟ್ಟಿನಲ್ಲಿ ಆಗಲೇ ನೀರಿನಂಶ ಇರುವುದರಿಂದ 2 ಲೋಟ ಹಿಟ್ಟಿಗೆ 2 ಲೋಟ ನೀರು ಸಾಕು. ಅವತ್ತೇ ಬಳಸಿಬಿಡಿ, ಡಬ್ಬಿಗೆ ಹಾಕಿಟ್ಟರೆ ಹುಳಿ ವಾಸನೆ ಬರುತ್ತದೆ.

ಹೊರದೇಶದಲ್ಲಿ ಇರುವವರು ಒಂದು ಎಚ್ಚರಿಕೆ ವಹಿಸಬೇಕು. ಅಲ್ಲಿನ ಏಷ್ಯನ್ ಅಂಗಡಿಗಳಲ್ಲಿ ರೈಸ್ ಫ್ಲೋರ್, ಗ್ಲುಟಿನಸ್ ರೈಸ್ ಫ್ಲೋರ್ ಎರಡೂ ಅಕ್ಕಪಕ್ಕದಲ್ಲೇ ಇರುತ್ತವೆ, ಪ್ಯಾಕೆಟ್ಟೂ ಒಂದೇ ಥರ. ಎರಡನೆಯದು ಅಂಟಕ್ಕಿಯ ಹಿಟ್ಟು. ಅದರಲ್ಲಿ ಮಾಡಿದರೆ ಕಡುಬು ಹಬೆಯಲ್ಲಿ ಕರಗಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ.

ಹೂರಣ ಮೊದಲು

ಹೂರಣ ಪೂರ್ತಿ ಆರಿರಬೇಕು, ಹಿಟ್ಟು ಬಿಸಿಯಾಗಿರಬೇಕು. ಹಾಗಾಗಿ ಹೂರಣ ಮುಗಿಸಿಯೇ ಹಿಟ್ಟಿಗೆ ಕೈ ಹಾಕಿ. ಹಬ್ಬದ ದಿನ ಗಡಿಬಿಡಿ ಅನಿಸಿದರೆ ಹಿಂದಿನ ರಾತ್ರಿಯೇ ಬೇಳೆ ಬೇಯಿಸಿ ಪುಡಿ ಮಾಡಿ ಫ್ರಿಜ್ಜಿನಲ್ಲಿಡಿ. ಕಾಯಿ, ನಿಂಬೆರಸ ಮಾತ್ರ ಬೆಳಗ್ಗೆ ಸೇರಿಸಿ.

ಎರಡೂ ಬೇಳೆ ತೊಳೆದು ಒಂದು ಗಂಟೆ ನೆನೆಸಿ. ಜಾಸ್ತಿ ಬೇಡ. ರಾತ್ರಿಯಿಡೀ ನೆನೆದ ಉದ್ದು ನೀರು ಕುಡಿದು ಉಬ್ಬಿರುತ್ತದೆ, ರುಬ್ಬಿದರೆ ವಡೆ ಹಿಟ್ಟಿನ ಹಾಗೆ ಲೋಳೆಯಾಗುತ್ತದೆ. ನೆನೆದ ಮೇಲೆ ತೂತಿನ ಪಾತ್ರೆಗೆ ಸುರಿದು ಹತ್ತು ನಿಮಿಷ ಹಾಗೇ ಬಿಡಿ. ಒಂದು ಹನಿ ನೀರೂ ಉಳಿಯಬಾರದು.

ಮಿಕ್ಸಿಗೆ ಮೊದಲು ಹಸಿಮೆಣಸು, ಶುಂಠಿ, ಉಪ್ಪು ಹಾಕಿ ಒಂದು ಸುತ್ತು ತಿರುಗಿಸಿ. ಆಮೇಲೆ ಬೇಳೆ ಹಾಕಿ. ಒಮ್ಮೆಲೇ ಓಡಿಸದೆ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ, ನಡುವೆ ಚಮಚದಿಂದ ಕೆಳಗಿನದನ್ನು ಮೇಲೆ ಮಾಡಿ. ನೀರು ಹಾಕಲೇಬೇಡಿ. ಬೇಳೆ ಒಡೆದು ತರಿತರಿಯಾದರೆ ಸಾಕು. ಅಲ್ಲೊಂದು ಇಲ್ಲೊಂದು ಅರ್ಧ ಬೇಳೆ ಕಂಡರೂ ತೊಂದರೆ ಇಲ್ಲ. ನುಣ್ಣಗೆ ರುಬ್ಬಿದರೆ ಬೆಂದ ಮೇಲೆ ರಬ್ಬರಿನ ಹಾಗೆ ಆಗಿಬಿಡುತ್ತದೆ, ಆಮೇಲೆ ಪುಡಿ ಮಾಡಲು ಆಗುವುದಿಲ್ಲ.

ಇದನ್ನು ಎಣ್ಣೆ ಸವರಿದ ಇಡ್ಲಿ ತಟ್ಟೆಯಲ್ಲಿ ಸಡಿಲವಾಗಿ ಹರಡಿ 12ರಿಂದ 15 ನಿಮಿಷ ಹಬೆಯಲ್ಲಿ ಬೇಯಿಸಿ. ಚಾಕು ಚುಚ್ಚಿದರೆ ಒಣಗಿ ಹೊರಬರಬೇಕು, ಹಸಿ ಬೇಳೆಯ ವಾಸನೆ ಹೋಗಿರಬೇಕು. ತೆಗೆದು ಚೆನ್ನಾಗಿ ಆರಲು ಬಿಡಿ. ಇಲ್ಲಿ ಆತುರ ಮಾಡಬೇಡಿ. ಬಿಸಿಯಲ್ಲಿ ಮುಟ್ಟಿದರೆ ಮುದ್ದೆ ಕಟ್ಟುತ್ತದೆ, ಆರಿದ ಮೇಲೆ ಬೆರಳಲ್ಲಿ ಮುರಿದರೆ ತಾನಾಗಿ ಉದುರುತ್ತದೆ. ದೊಡ್ಡ ಗಂಟು ಉಳಿದರೆ ಮಿಕ್ಸಿಯಲ್ಲಿ ಒಂದೇ ಒಂದು ಸಲ ತಿರುಗಿಸಿ.

ಬಾಣಲೆಯಲ್ಲಿ ಎಣ್ಣೆ ಕಾಯಿಸಿ, ಸಾಸಿವೆ ಸಿಡಿಸಿ, ಇಂಗು, ಸಣ್ಣಗೆ ಹೆಚ್ಚಿದ ಕರಿಬೇವು ಹಾಕಿ. ಇಡೀ ಎಲೆ ಹಾಕಬೇಡಿ, ಅದರ ತುದಿ ತೆಳು ಹಿಟ್ಟನ್ನು ಚುಚ್ಚಿ ತೂತು ಮಾಡುತ್ತದೆ. ಬೇಳೆ ಪುಡಿ ಸೇರಿಸಿ ಮೂರ್ನಾಲ್ಕು ನಿಮಿಷ ಸಣ್ಣ ಉರಿಯಲ್ಲಿ ಕೈಯಾಡಿಸಿ. ಒಲೆ ಆರಿಸಿ ಕಾಯಿತುರಿ, ಕೊತ್ತಂಬರಿ, ನಿಂಬೆರಸ ಬೆರೆಸಿ. ಈಗ ರುಚಿ ನೋಡಿ. ಉಪ್ಪು, ಖಾರ ನಾಲಿಗೆಗೆ ಒಂದು ಕೂದಲೆಳೆ ಜಾಸ್ತಿ ಅನಿಸಬೇಕು. ಹೊರಗಿನ ಕಣಕ ಸಪ್ಪೆ ಇರುವುದರಿಂದ ಎರಡೂ ಸೇರಿದಾಗ ಸರಿಹೋಗುತ್ತದೆ.

ಹಿಟ್ಟು ಉಕ್ಕರಿಸುವುದು

ಅಕ್ಕಿ ಹಿಟ್ಟಿಗೆ ಗೋಧಿ ಹಿಟ್ಟಿನ ಜಿಗುಟು ಇಲ್ಲ. ತಣ್ಣೀರಲ್ಲಿ ಎಷ್ಟು ನಾದಿದರೂ ಎಳೆ ಬರುವುದಿಲ್ಲ. ಅದಕ್ಕೆ ಅಂಟು ಬರುವುದು ಬಿಸಿಯಿಂದ ಮಾತ್ರ. ಸುಮಾರು 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಅಕ್ಕಿಯ ಪಿಷ್ಟ ನೀರು ಕುಡಿದು ಉಬ್ಬಿ ಗಂಜಿಯ ಹಾಗೆ ಅಂಟಾಗುತ್ತದೆ. ಆ ಅಂಟೇ ಕಡುಬನ್ನು ಹಿಡಿದಿಡುವುದು. ಒಲೆಯಿಂದ ಇಳಿಸಿದ ನೀರಿಗೆ ತಣ್ಣನೆಯ ಹಿಟ್ಟು ಸುರಿದರೆ ಬಿಸಿ ಅಲ್ಲೇ ಇಳಿದುಹೋಗುತ್ತದೆ, ಹಿಟ್ಟಿನ ಒಳಭಾಗ ಹಸಿಯಾಗೇ ಉಳಿಯುತ್ತದೆ. ಆ ವರ್ಷ ನಾನು ಮಾಡಿದ್ದು ಅದನ್ನೇ.

ದಪ್ಪ ತಳದ ಪಾತ್ರೆಯಲ್ಲಿ ಎರಡೂವರೆ ಲೋಟ ನೀರು, ಉಪ್ಪು, ಎಣ್ಣೆ ಹಾಕಿ ಕಾಯಿಸಿ. ತಳದಲ್ಲಿ ಸಣ್ಣ ಗುಳ್ಳೆ ಎದ್ದರೆ ಸಾಲದು. ಇಡೀ ನೀರು ಕೊತಕೊತ ಕುದಿಯಬೇಕು. ಕುದಿ ಬಂದ ಮೇಲೆ ಕಾಲು ಲೋಟ ನೀರನ್ನು ಒಂದು ಬಟ್ಟಲಿಗೆ ತೆಗೆದು ಮುಚ್ಚಿಡಿ. ಇದು ಅಜ್ಜಿ ಕಲಿಸಿದ್ದು. ಹಳೇ ಅಕ್ಕಿ ಜಾಸ್ತಿ ನೀರು ಕುಡಿಯುತ್ತದೆ, ಹೊಸ ಅಕ್ಕಿ ಕಡಿಮೆ. ಪ್ಯಾಕೆಟ್ ನೋಡಿ ಅದು ಗೊತ್ತಾಗುವುದಿಲ್ಲ. ತೆಗೆದಿಟ್ಟ ನೀರು ಇದ್ದರೆ ಹಿಟ್ಟು ಕೇಳಿದಷ್ಟು ಕೊಡಬಹುದು.

ಉರಿ ಸಣ್ಣ ಮಾಡಿ. ಹಿಟ್ಟನ್ನೆಲ್ಲ ಒಮ್ಮೆಲೇ ನಡುವೆ ಗುಡ್ಡೆಯಾಗಿ ಸುರಿಯಿರಿ. ಕಲಕಬೇಡಿ. ಸೌಟಿನ ಹಿಡಿಯಿಂದ ಗುಡ್ಡೆಯಲ್ಲಿ ನಾಲ್ಕೈದು ತೂತು ಮಾಡಿ, ಆ ತೂತಿನಿಂದ ನೀರು ಮೇಲಕ್ಕೆ ಉಕ್ಕಿ ಬರುತ್ತದೆ. ಮುಚ್ಚಳ ಮುಚ್ಚಿ ಎರಡು ನಿಮಿಷ ಬಿಡಿ. ರಾಗಿ ಮುದ್ದೆ ಮಾಡುವವರಿಗೆ ಇದು ಹೊಸದೇನೂ ಅಲ್ಲ, ಅಲ್ವಾ? ಆಮೇಲೆ ಪಾತ್ರೆಯನ್ನು ಬಟ್ಟೆಯಲ್ಲಿ ಭದ್ರವಾಗಿ ಹಿಡಿದು, ಮರದ ಸೌಟಿನಿಂದ ಒತ್ತಿ ಒತ್ತಿ ತೊಳಸಿ. ಒಣ ಹಿಟ್ಟು ಎಲ್ಲೂ ಬಿಳಿ ಬಿಳಿಯಾಗಿ ಕಾಣಬಾರದು. ಒಲೆ ಆರಿಸಿ, ಮತ್ತೆ ಮುಚ್ಚಿ, ಐದು ನಿಮಿಷ ಹಾಗೇ ಬಿಡಿ. ಈ ಐದು ನಿಮಿಷ ಬಿಡುವುದನ್ನು ತಪ್ಪಿಸಬೇಡಿ. ಮಿಕ್ಕ ಹಸಿ ಬೇಯುವುದು ಆಗಲೇ.

ಈಗ ನಾದುವುದು. ಅಗಲ ತಟ್ಟೆಗೆ ಹಿಟ್ಟು ಸುರಿಯಿರಿ. ಪಕ್ಕದಲ್ಲಿ ತಣ್ಣೀರಿನ ಬಟ್ಟಲು ಇಟ್ಟುಕೊಳ್ಳಿ. ಕೈ ಅದ್ದಿ ಒಂದು ಸಲ ಒತ್ತಿ, ಮತ್ತೆ ಅದ್ದಿ. ತೀರಾ ಬಿಸಿ ಇದ್ದರೆ ಮೊದಲು ಸ್ಟೀಲ್ ಲೋಟದ ತಳದಿಂದ ಒತ್ತಿ, ಆಮೇಲೆ ಅಂಗೈ ಹಾಕಿ. "ಬಿಸಿ ಇರುವಾಗಲೇ ನಾದು ಕಣೇ, ಆರಿದರೆ ಅದು ನಿನ್ನ ಮಾತು ಕೇಳಲ್ಲ" ಅಂತ ಅಜ್ಜಿ ಹೇಳುತ್ತಿದ್ದರು. ಅಂಗೈಯ ಬುಡದಿಂದ ಮುಂದಕ್ಕೆ ತಳ್ಳಿ, ಮಡಿಸಿ, ಮತ್ತೆ ತಳ್ಳಿ. ಐದಾರು ನಿಮಿಷ. ಮೊದಲು ಒರಟಾಗಿ, ಬಿರುಕು ಬಿರುಕಾಗಿ ಇದ್ದದ್ದು ಮೆಲ್ಲಗೆ ನಯವಾಗುತ್ತದೆ. ಕೊನೆಗೆ ಮೇಲ್ಮೈ ಹೊಳೆಯುತ್ತದೆ, ಒತ್ತಿದ ಬೆರಳಿನ ಗುರುತು ಹಾಗೇ ನಿಲ್ಲುತ್ತದೆ.

ಇಲ್ಲೊಂದು ಪರೀಕ್ಷೆ ಮಾಡಲೇಬೇಕು. ಗೋಲಿ ಗಾತ್ರದ ಹಿಟ್ಟು ತೆಗೆದು ಉಂಡೆ ಮಾಡಿ, ಎರಡು ಬೆರಳ ನಡುವೆ ಚಪ್ಪಟೆಯಾಗಿ ಒತ್ತಿ ಅಂಚು ನೋಡಿ. ಅಂಚು ನುಣ್ಣಗೆ ಬಂದರೆ ಹಿಟ್ಟು ಸಿದ್ಧ. ಸೀಳು ಬಿಟ್ಟರೆ ಮೊದಲು ತೆಗೆದಿಟ್ಟ ಕಾಲು ಲೋಟ ನೀರನ್ನು ಮತ್ತೆ ಬಿಸಿ ಮಾಡಿ ಒಂದೊಂದೇ ಚಮಚ ಚಿಮುಕಿಸಿ ನಾದಿ. ಬೆರಳಿಗೆ ಮೆತ್ತಿಕೊಂಡರೆ ನೀರು ಜಾಸ್ತಿಯಾಗಿದೆ ಅಂತ ಅರ್ಥ. ಆಗ ಒಣ ಹಿಟ್ಟು ಉದುರಿಸಬೇಡಿ, ಅದು ಹಸಿಯಾಗೇ ಉಳಿದು ಬಾಯಿಗೆ ಪುಡಿ ಪುಡಿ ಸಿಗುತ್ತದೆ. ಹಿಟ್ಟನ್ನು ಮತ್ತೆ ಪಾತ್ರೆಗೆ ಹಾಕಿ ಸಣ್ಣ ಉರಿಯಲ್ಲಿ ಒಂದೆರಡು ನಿಮಿಷ ತೊಳಸಿ ನೀರು ಇಂಗಿಸಿ.

ನಾದಿದ ಹಿಟ್ಟನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಪಾತ್ರೆಯಲ್ಲಿ ಮುಚ್ಚಿಡಿ. ಚಳಿ ದೇಶದಲ್ಲಿ ಇರುವವರು ಆ ಪಾತ್ರೆಯನ್ನು ಬಿಸಿನೀರಿನ ಪಾತ್ರೆಯ ಮೇಲೆ ಇಟ್ಟುಕೊಂಡರೆ ಕೊನೆಯ ಕಡುಬಿನವರೆಗೂ ಹಿಟ್ಟು ಮೆತ್ತಗಿರುತ್ತದೆ.

ಇನ್ನೊಂದು ದಾರಿಯೂ ಇದೆ. 1 ಲೋಟ ಅಕ್ಕಿಯನ್ನು ಎರಡು ಗಂಟೆ ನೆನೆಸಿ, ಒಟ್ಟು ಒಂದೂಮುಕ್ಕಾಲು ಲೋಟ ನೀರು ಸೇರಿಸಿ ನುಣ್ಣಗೆ ರುಬ್ಬಿ, ಉಪ್ಪು-ಎಣ್ಣೆ ಹಾಕಿ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ತೊಳಸುತ್ತಾ ಮುದ್ದೆ ಮಾಡುವುದು. ತೋಳು ನೋಯುತ್ತದೆ, ಆದರೆ ಕಣಕ ಬೆಣ್ಣೆಯ ಹಾಗೆ ಬರುತ್ತದೆ. ಹಿಟ್ಟಿನ ಕಡುಬು ಒಮ್ಮೆ ಕೈಗೆ ಹತ್ತಿದ ಮೇಲೆ ಇದನ್ನು ಖಂಡಿತ ಮಾಡಿ ನೋಡಿ.

ಮಡಿಸುವುದು, ಬೇಯಿಸುವುದು

ಬೆರಳುಗಳಿಗೆ ಎಣ್ಣೆ ಸವರಿಕೊಳ್ಳಿ. ಸಣ್ಣ ನಿಂಬೆಹಣ್ಣಿನಷ್ಟು ಹಿಟ್ಟು ತೆಗೆದು, ಬಿರುಕಿಲ್ಲದ ಹಾಗೆ ಉಂಡೆ ಮಾಡಿ. ಉಂಡೆಯಲ್ಲೇ ಬಿರುಕಿದ್ದರೆ ಅದು ಕಡುಬಿನಲ್ಲೂ ಇರುತ್ತದೆ. ಎಡಗೈ ಮೇಲೆ ಇಟ್ಟು, ಬಲಗೈ ಬೆರಳಿನಿಂದ ನಡುವಿನಿಂದ ಅಂಚಿಗೆ ಒತ್ತುತ್ತಾ ತಿರುಗಿಸಿ. ಪೂರಿಗಿಂತ ಚಿಕ್ಕದಾಗಿ, ಮೂರು ಇಂಚಿನಷ್ಟು ಅಗಲ ಬಂದರೆ ಸಾಕು. ನಡುಭಾಗ ಕೊಂಚ ದಪ್ಪ ಇರಲಿ, ಅಂಚು ತೆಳು ಇರಲಿ. ಮಡಿಸಿದಾಗ ಎರಡು ಅಂಚು ಒಂದಾಗಿ ದಪ್ಪವಾಗುತ್ತದೆ, ಅದಕ್ಕೆ. ಕೈಯಲ್ಲಿ ಒತ್ತಲು ಬರದಿದ್ದರೆ ಎಣ್ಣೆ ಸವರಿದ ಎರಡು ಬಾಳೆ ಎಲೆ ತುಂಡುಗಳ ನಡುವೆ ಉಂಡೆ ಇಟ್ಟು ತಟ್ಟೆಯ ತಳದಿಂದ ಒತ್ತಿ. ಒಂದೇ ಸಮ ಬರುತ್ತದೆ.

ನಡುವೆ ಒಂದೂವರೆ ಚಮಚ ಹೂರಣ. ಅಂಚಿನಲ್ಲಿ ಹೂರಣದ ಒಂದು ಪುಡಿಯೂ ಇರಬಾರದು. ಇದ್ದರೆ ಅಲ್ಲಿಂದಲೇ ಬಾಯಿ ಬಿಡುತ್ತದೆ. ಅರ್ಧಕ್ಕೆ ಮಡಿಸಿ, ಮೊದಲು ನಡುವೆ ಒತ್ತಿ, ಆಮೇಲೆ ಎರಡು ಕಡೆಗೂ ಒತ್ತುತ್ತಾ ಹೋಗಿ. ಒಳಗಿನ ಗಾಳಿ ಹೊರಗೆ ಹೋಗಲಿ. ನಮ್ಮ ಮನೆಯಲ್ಲಿ ಸಿಹಿಗೆ ಮೋದಕದ ಆಕಾರ, ಖಾರಕ್ಕೆ ಅರ್ಧ ಚಂದ್ರ. ಬೆಂದ ಮೇಲೆ ಎರಡೂ ಬೆಳ್ಳಗೆ ಒಂದೇ ಥರ ಕಾಣುತ್ತವಲ್ಲ, ಗುರುತಿಗೆ ಅದೇ ದಾರಿ.

ಮಾಡಿದ್ದನ್ನು ಒದ್ದೆ ಬಟ್ಟೆಯ ಕೆಳಗೆ ಇಡುತ್ತಾ ಬನ್ನಿ. ಫ್ಯಾನ್ ಆರಿಸಿ. ಐದು ನಿಮಿಷ ಗಾಳಿಗೆ ಬಿಟ್ಟರೂ ಮೇಲ್ಮೈ ಒಣಗಿ ಹಬೆಯಲ್ಲಿ ಸೀಳುತ್ತದೆ.

ಇಡ್ಲಿ ಪಾತ್ರೆಯಲ್ಲಿ ನೀರು ಕುದಿಯುತ್ತಿರಬೇಕು, ಆಮೇಲೇ ಕಡುಬು ಒಳಗೆ ಹೋಗಬೇಕು. ಎಣ್ಣೆ ಸವರಿದ ತಟ್ಟೆಯಲ್ಲಿ, ಅಥವಾ ತಟ್ಟೆಗೆ ಬಾಳೆ ಎಲೆ ಹಾಸಿ, ಒಂದಕ್ಕೊಂದು ತಾಗದ ಹಾಗೆ ಜೋಡಿಸಿ. ಮುಚ್ಚಳದ ಒಳಗೆ ತೆಳು ಬಟ್ಟೆ ಕಟ್ಟಿದರೆ ಹಬೆಯ ನೀರು ಕಡುಬಿನ ಮೇಲೆ ತೊಟ್ಟಿಕ್ಕುವುದಿಲ್ಲ. ಕುಕ್ಕರಿನಲ್ಲಿ ಇಡುವುದಾದರೆ ವೆಯ್ಟ್ ಹಾಕಬೇಡಿ. ಮಧ್ಯಮ ಉರಿಯಲ್ಲಿ 8ರಿಂದ 10 ನಿಮಿಷ. ಹಿಟ್ಟು, ಹೂರಣ ಎರಡೂ ಆಗಲೇ ಬೆಂದಿರುವುದರಿಂದ ಇಷ್ಟು ಸಾಕು. ಜಾಸ್ತಿ ಹೊತ್ತು ಬಿಟ್ಟರೆ ಹೊದಿಕೆ ಗಟ್ಟಿಯಾಗುತ್ತದೆ. ಮುಚ್ಚಳ ತೆಗೆದಾಗ ಕಡುಬು ಮಿರಮಿರ ಹೊಳೆಯಬೇಕು, ಒದ್ದೆ ಬೆರಳಲ್ಲಿ ಮುಟ್ಟಿದರೆ ಅಂಟಬಾರದು. ಒಲೆ ಆರಿಸಿ ಮೂರು ನಿಮಿಷ ಬಿಟ್ಟು, ಆಮೇಲೆ ಚಮಚ ಅದ್ದಿ ಬಿಡಿಸಿ. ಬಿಸಿಯಲ್ಲೇ ಎಳೆದರೆ ತಳ ತಟ್ಟೆಯಲ್ಲೇ ಉಳಿಯುತ್ತದೆ.

ಬಿಸಿ ಕಡುಬನ್ನು ಮುರಿದು ಒಂದು ತೊಟ್ಟು ತುಪ್ಪ ಬಿಟ್ಟು ತಿನ್ನಿ. ಕಾಯಿ ಚಟ್ನಿಯೂ ಸರಿ. ಸಾಂಬಾರಿನ ಜೊತೆ ನಾನು ಕೊಡುವುದಿಲ್ಲ, ಹೂರಣದ ಇಂಗು, ಶುಂಠಿ ಅದರಲ್ಲಿ ಮುಳುಗಿಹೋಗುತ್ತವೆ.

ಬೇರೆ ಹೂರಣ, ಉಳಿದದ್ದು

ಉದ್ದು ಇಷ್ಟ ಇಲ್ಲದವರು ತೊಗರಿಬೇಳೆ, ಕಡಲೆಬೇಳೆ ಸಮ ಸಮ ಹಾಕಿ, ಒಂದು ಹಿಡಿ ಸಬ್ಬಸಿಗೆ ಸೊಪ್ಪು ಸೇರಿಸಿ ಮಾಡಬಹುದು. ನುಚ್ಚಿನುಂಡೆಯ ರುಚಿ ಬರುತ್ತದೆ. ಚಳಿಗಾಲದಲ್ಲಿ ಅವರೆಕಾಯಿ ಬಂದಾಗ ಹಿತಕಿದ ಬೇಳೆಯನ್ನು ಮೆತ್ತಗೆ ಬೇಯಿಸಿ, ನೀರು ಪೂರ್ತಿ ಬಸಿದು, ಹಸಿಮೆಣಸು-ಕಾಯಿ ಹಾಕಿ ಒಗ್ಗರಣೆಯಲ್ಲಿ ಒಣಗಿಸಿ ತುಂಬಿ. ವರ್ಷಕ್ಕೊಮ್ಮೆಯಾದರೂ ಇದನ್ನು ಮಾಡದೆ ಅವರೆ ಕಾಲ ಮುಗಿಯಲು ನಾನು ಬಿಡುವುದಿಲ್ಲ.

ಹೂರಣ ಮಿಕ್ಕರೆ ಮರುದಿನ ಹುರುಳಿಕಾಯಿ ಪಲ್ಯಕ್ಕೆ ಬೆರೆಸಿ. ಹಿಟ್ಟು ಮಿಕ್ಕರೆ ಕಡಲೆಕಾಳಿನಷ್ಟು ಪುಟ್ಟ ಪುಟ್ಟ ಉಂಡೆ ಮಾಡಿ, ಹಬೆಯಲ್ಲಿ ಬೇಯಿಸಿ, ಸಾಸಿವೆ, ಒಣಮೆಣಸಿನಕಾಯಿ, ಕಾಯಿತುರಿಯ ಒಗ್ಗರಣೆ ಕೊಡಿ. ಉಂಡೆ ಕಟ್ಟುವ ಕೆಲಸ ಮಕ್ಕಳಿಗೆ ಕೊಟ್ಟರೆ ಖುಷಿಯಿಂದ ಮಾಡುತ್ತಾರೆ.

ಕಡುಬೇ ಉಳಿದರೆ ಆರಿದ ಮೇಲೆ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡಿ. ಕಾಯಿ ಇರುವುದರಿಂದ ಹೊರಗೆ ಬಿಡಬೇಡಿ. ಬೆಳಗ್ಗೆ ಹೊತ್ತಿಗೆ ಕಲ್ಲಿನ ಹಾಗೆ ಆಗಿರುತ್ತದೆ, ಗಾಬರಿ ಬೇಡ. ತಣ್ಣಗಾದ ಅನ್ನ ಬಿರುಸಾಗುತ್ತದಲ್ಲ, ಹಾಗೇ ಇದೂ. ನಾಲ್ಕೈದು ನಿಮಿಷ ಮತ್ತೆ ಹಬೆಯಲ್ಲಿಟ್ಟರೆ ಮೊದಲಿನಂತೆ ಮೆತ್ತಗಾಗುತ್ತದೆ. ಇಲ್ಲವಾದರೆ ಎರಡು ತುಂಡು ಮಾಡಿ, ಕಾವಲಿಯ ಮೇಲೆ ತುಪ್ಪ ಹಾಕಿ, ಕತ್ತರಿಸಿದ ಕಡೆ ಕೆಂಪಗಾಗುವವರೆಗೆ ಬಿಡಿ. ಹಬ್ಬದ ಮರುದಿನದ ತಿಂಡಿಗೆ ನಮ್ಮ ಮನೆಯಲ್ಲಿ ಇದೇ ಬೇಕು ಅನ್ನುತ್ತಾರೆ, ಅದಕ್ಕೆ ಅಂತಲೇ ಹತ್ತು ಕಡುಬು ಮೊದಲೇ ತೆಗೆದಿಡುತ್ತೇನೆ.